ಅಂದ್ರ ಇದೂ ಲಿಂಕ್ ಅನ್ನು!

ನಮ್ಮೂರು ನವಲಗುಂದ ತಾಲ್ಲೂಕಿನ ಎರಿ ಭೂಮಿಯ ಒಂದು ಹಳ್ಳಿ. ಅಲ್ಲಿ ಬಸ್‌ಸ್ಟ್ಯಾಂಡ್ ಎದುರಿಗೆ ನಮ್ಮ ದೊಡ್ಡಪ್ಪನ ಮಗ ಒಂದು ಆನ್‌ಲೈನ್ ಸೆಂಟರ್ ಇಟ್ಟಿದ್ದಾನೆ. ಹತ್ತು ಬೈ ಹತ್ತರ ಅಂಗಡಿ, ಒಂದು ಹಳೆಯ ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಒಂದು ಪ್ರಿಂಟರ್. ಇಂಟರ್ನೆಟ್ ಅಂದರೆ ಅವನ ಮೊಬೈಲಿನ ಹಾಟ್‌ಸ್ಪಾಟ್. ಉತಾರ ತೆಗೆಯುವುದರಿಂದ ಹಿಡಿದು ಸ್ಕಾಲರ್‌ಶಿಪ್ ಅರ್ಜಿಯವರೆಗೆ ಊರಿನ ಎಲ್ಲ ಕೆಲಸವೂ ಆ ಒಂದೇ ಕಂಪ್ಯೂಟರಿನ ಮೇಲೆ.

ನಾನು ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್‌ಗೆ ಕಾಯುತ್ತಿದ್ದ ಜುಲೈ ತಿಂಗಳು. ಬೆಳೆ ವಿಮೆ ಕಟ್ಟಲು ಇನ್ನೆರಡೇ ದಿನ ಉಳಿದಿತ್ತು. ಹೆಸರು, ಹತ್ತಿ, ಗೋವಿನಜೋಳ ಬಿತ್ತಿದವರೆಲ್ಲ ಉತಾರ, ಆಧಾರ್, ಪಾಸ್‌ಬುಕ್ ಹಿಡಿದುಕೊಂಡು ಅಂಗಡಿ ಮುಂದೆ ನಿಂತಿದ್ದರು. ಅಣ್ಣ ಊಟಕ್ಕೆ ಹೋಗಿದ್ದ, ಕುರ್ಚಿ ಮೇಲೆ ನಾನಿದ್ದೆ. ಐದನೆಯವರ ಅರ್ಜಿ ಅರ್ಧ ತುಂಬಿದ್ದೆ ಅಷ್ಟೇ, ಪರದೆ ಮೇಲಿದ್ದದ್ದೆಲ್ಲ ಮಾಯವಾಯಿತು. ಅಪ್‌ಡೇಟ್ ನಡೆದಿದೆ, ಕಂಪ್ಯೂಟರ್ ಬಂದ್ ಮಾಡಬೇಡಿ, 4 ಪರ್ಸೆಂಟ್ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಮಾತ್ರ ಉಳಿಯಿತು.

"ಏನಾತೋ ತಮ್ಮಾ?" ಅಂದರು ಎದುರಿಗೆ ಕೂತಿದ್ದ ಕಾಕಾ.

"ಅಪ್‌ಡೇಟ್ ಆಗಾಕತ್ತೈತ್ರಿ ಕಾಕಾ."

"ಎಷ್ಟೊತ್ತು ಆಕ್ಕೈತಿ?"

"ಗೊತ್ತಿಲ್ರಿ. ನಡುವ ಬಂದ್ ಮಾಡಬ್ಯಾಡ್ರಿ ಅಂತೈತಿ."

ಕಾಕಾ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಕೇಳಿದರು: "ನಾವೇನ್ ಕೇಳಿದ್ವೇನು ಅದನ್ನ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ದಿನ ಒಂದು ಸಣ್ಣ ಚೌಕ ಬಂದಿತ್ತಂತೆ, ಗಡಿಬಿಡಿಯಲ್ಲಿ ಅಣ್ಣ 'ಆಮೇಲೆ' ಅಂತ ಒತ್ತಿದ್ದನಂತೆ. ಆ 'ಆಮೇಲೆ' ಯಾವಾಗ ಅನ್ನೋದನ್ನ ಯಂತ್ರವೇ ನಿರ್ಧರಿಸಿತ್ತು. 63 ಪರ್ಸೆಂಟಿಗೆ ಬಂದಾಗ ಕರೆಂಟ್ ಹೋಯಿತು. ಯುಪಿಎಸ್ ಐದು ನಿಮಿಷ ಕಿರುಚಿ ಸುಮ್ಮನಾಯಿತು. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಮಾಡಿದ್ದನ್ನೆಲ್ಲ ವಾಪಸ್ ತೆಗೆಯುತ್ತೇನೆ ಅಂತ ಕೂತಿತು. ಸಂಜೆ ಆರರವರೆಗೂ ಅದೇ ಗತಿ. ಕೆಲವರು ನವಲಗುಂದಕ್ಕೆ ಬಸ್ ಹತ್ತಿದರು, ಕೆಲವರು ಮನೆಗೆ ಹೋದರು. ಕಾಕಾ ಮರುದಿನ ಮತ್ತೆ ಬಂದು ವಿಮೆ ಕಟ್ಟಿದರು. ಕಳೆ ತೆಗೆಯುವ ಹೊತ್ತಿನಲ್ಲಿ ಎರಡು ದಿನದ ಕೆಲಸ ಹಾಳಾಯಿತು.

ಇಷ್ಟೇ ಆಗಿದ್ದರೆ ಇದು ಒಂದು ದಿನದ ತಾಪತ್ರಯ, ಬರೆಯುವಂಥ ವಿಷಯ ಅಲ್ಲ. ಮುಖ್ಯವಾದದ್ದು ಆಮೇಲೆ ಆಯಿತು. ಮುಂದಿನ ವಾರ ಅಣ್ಣ ಅಣ್ಣಿಗೇರಿಯಿಂದ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನನ್ನು ಕರೆಸಿದ. ಇನ್ನೂರು ರೂಪಾಯಿ ತಗೊಂಡು ಅವನು ಅಪ್‌ಡೇಟ್ ಬರುವ ದಾರಿಯನ್ನೇ ಮುಚ್ಚಿದ. "ಇನ್ನ ಯಾವತ್ತೂ ಬರಂಗಿಲ್ಲ ನೋಡ್ರಿ" ಅಂದ. ಅಣ್ಣನಿಗೆ ಖುಷಿ, ನನಗೂ ಖುಷಿ.

ನಾವು ಅವತ್ತು ಮಾಡಿದ್ದೇನು ಅನ್ನೋದು ನನಗೆ ಗೊತ್ತಾದದ್ದು ಇಲ್ಲಿ ಕಾಲೇಜಿಗೆ ಬಂದು ನೆಟ್‌ವರ್ಕ್ ಸೆಕ್ಯುರಿಟಿ ಓದಿದ ಮೇಲೆ. ಅಪ್‌ಡೇಟ್ ದಾರಿ ಮುಚ್ಚಿದಾಗ ಅದರ ಜೋಡಿ ಭದ್ರತೆಯ ತೇಪೆಗಳೂ ನಿಂತವು, ಆ್ಯಂಟಿವೈರಸ್‌ಗೆ ಬರಬೇಕಾದ ಹೊಸ ವೈರಸ್ ಪಟ್ಟಿಯೂ ನಿಂತಿತು. ಅದೇ ಚಳಿಗಾಲದಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಬಂದ ಒಬ್ಬ ಹುಡುಗಿಯ ಪೆನ್‌ಡ್ರೈವ್‌ನಲ್ಲಿದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತವು. ಅವಳು ಅದನ್ನೇ ತನ್ನ ಕಾಲೇಜಿನ ಲ್ಯಾಬಿಗೂ ಒಯ್ದಳು. ಇನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಏನಿತ್ತು? ಅಣ್ಣ ಮತ್ತೆ ಮತ್ತೆ ಸ್ಕ್ಯಾನ್ ಮಾಡುವ ಕಷ್ಟ ಬೇಡ ಅಂತ ಇಟ್ಟುಕೊಂಡಿದ್ದ ಒಂದು ಫೋಲ್ಡರ್. ಊರಿನ ಅರ್ಧ ಮಂದಿಯ ಆಧಾರ್, ಪಾಸ್‌ಬುಕ್, ಉತಾರ ಎಲ್ಲ ಅದರಲ್ಲಿ. ಬಾಗಿಲು ತೆರೆದಿಟ್ಟ ಮನೆಯೊಳಗೆ ಊರಿನ ತಿಜೋರಿ.

ಅಣ್ಣನನ್ನ ಬೈಯುವುದು ಸುಲಭ. ಆದರೆ ಅವನಿಗೆ ಅಪ್‌ಡೇಟ್ ಬೇಡ ಅನಿಸುವಂತೆ ಮಾಡಿದವರು ಯಾರು?

ಹೋದ ದೀಪಾವಳಿ ರಜೆಯಲ್ಲಿ ಆ ಕಂಪ್ಯೂಟರ್ ಸ್ವಚ್ಛ ಮಾಡಲು ಕೂತೆ. ತೆಗೆದಷ್ಟೂ ಬಂತು. ಬ್ರೌಸರಿನ ತಲೆಯ ಮೇಲೆ ಒಂದು ಟೂಲ್‌ಬಾರ್. ಹುಡುಕಿದರೆ ಎಲ್ಲೋ ಕೇಳರಿಯದ ಸರ್ಚ್ ಪುಟಕ್ಕೆ ಒಯ್ಯುವ ಹೋಮ್‌ಪೇಜ್. "ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ, ಹಣ ಕಟ್ಟಿದರೆ ಸರಿ ಮಾಡುತ್ತೇನೆ" ಅನ್ನುವ ಒಂದು ಕ್ಲೀನರ್. ಒಂದರ ಜೋಡಿ ಒಂದು ಜಗಳಾಡುವ ಎರಡು ಆ್ಯಂಟಿವೈರಸ್ ಟ್ರಯಲ್, ಎರಡರ ಅವಧಿಯೂ ಮುಗಿದದ್ದು. 4 ಜಿಬಿ ರ‍್ಯಾಮ್‌ನ ಆ ಬಡಪಾಯಿ ಯಂತ್ರ ಇವರನ್ನೆಲ್ಲ ಹೊತ್ತುಕೊಂಡು ತೆವಳುತ್ತಿತ್ತು. ಯಾವುದನ್ನೂ ಅಣ್ಣ ಬೇಕೆಂದು ಹಾಕಿರಲಿಲ್ಲ. ಒಂದು ಪಿಡಿಎಫ್ ಓದುವ ಸಾಫ್ಟ್‌ವೇರ್ ಜೋಡಿ ಬಂದಿತ್ತು, ಒಂದು ಸ್ಕ್ಯಾನರಿನ ಡ್ರೈವರ್ ಜೋಡಿ. ಇನ್ನೊಂದು, ಕನ್ನಡ ಟೈಪಿಂಗ್ ಸಾಫ್ಟ್‌ವೇರನ್ನ ಅಧಿಕೃತ ತಾಣ ಬಿಟ್ಟು ಯಾವುದೋ ತಾಣದಿಂದ ಇಳಿಸಿಕೊಂಡಾಗ. ಅಂಥ ತಾಣಗಳಲ್ಲಿ ಡೌನ್‌ಲೋಡ್ ಅನ್ನುವ ಹಸಿರು ಬಟನ್ ನಾಲ್ಕು ಇರುತ್ತವೆ, ನಿಜವಾದದ್ದು ಎಲ್ಲಕ್ಕಿಂತ ಸಣ್ಣದು.

ಅದೇ ಕಾಕಾ ಉತಾರಕ್ಕೆ ಬಂದಿದ್ದರು. "ಏನ್ ತೆಗ್ಯಾಕತ್ತೀಯೋ?" ಅಂದರು. ಹೇಳಿದೆ: "ನಾವು ಒಂದು ಇಳಿಸ್ಕೊಂಡ್ರ ಅದರ ಜೋಡಿ ಇವು ಬಂದಾವ್ರಿ. ಬ್ಯಾಡಂದ್ರೂ ಕೂತಾವು."

ಕಾಕಾ ನಕ್ಕುಬಿಟ್ಟರು. "ಅಂದ್ರ ಇದೂ ಲಿಂಕ್ ಅನ್ನು!"

ಪೇಟೆಯ ಗೆಳೆಯರಿಗೆ ಈ 'ಲಿಂಕ್' ಅರ್ಥ ಆಗಲಿಕ್ಕಿಲ್ಲ. ಮುಂಗಾರಿನಲ್ಲಿ ಯೂರಿಯಾ ತರಲು ಗೊಬ್ಬರದ ಅಂಗಡಿಗೆ ಹೋಗುತ್ತೀರಿ. 45 ಕೆಜಿ ಚೀಲಕ್ಕೆ ಸರ್ಕಾರ ನಿಗದಿ ಮಾಡಿದ ಬೆಲೆ 266 ರೂಪಾಯಿ 50 ಪೈಸೆ. ಆದರೆ ಅಂಗಡಿಯವರು ಬರೀ ಯೂರಿಯಾ ಕೊಡುವುದಿಲ್ಲ. ಜೋಡಿ ಒಂದು ನ್ಯಾನೊ ಗೊಬ್ಬರದ ಬಾಟಲಿಯನ್ನೋ, ಲಘು ಪೋಷಕಾಂಶದ ಪಾಕೀಟನ್ನೋ ತಗೊಳ್ಳಲೇಬೇಕು. ಅದಕ್ಕೆ ಲಿಂಕ್ ಅನ್ನುತ್ತಾರೆ. "ನಮಗೂ ಮ್ಯಾಲಿನವ್ರು ಲಿಂಕ್ ಹಚ್ಚಿ ಕೊಟ್ಟಾರ್ರೀ, ನಾವೇನ್ ಮಾಡೂಣು" ಅನ್ನುವುದು ಅಂಗಡಿಯವರ ಉತ್ತರ. ಇದು ಎಷ್ಟು ಬೆಳೆದಿತ್ತು ಅಂದರೆ, ಸಬ್ಸಿಡಿ ಗೊಬ್ಬರದ ಜೋಡಿ ನ್ಯಾನೊ ಗೊಬ್ಬರ, ಜೈವಿಕ ಉತ್ತೇಜಕ ಒತ್ತಾಯದಿಂದ ಮಾರುವುದನ್ನು ನಿಲ್ಲಿಸಿ ಅಂತ 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರವನ್ನೇ ಬರೆಯಬೇಕಾಯಿತು.

ಲಿಂಕಿನ ಲೆಕ್ಕ ಸರಳ. ಬೆಳೆಗೆ ಯೂರಿಯಾ ಬೇಕೇ ಬೇಕು, ಈಗಲೇ ಬೇಕು. ಬಾಟಲಿ ತಾನಾಗಿ ಖರ್ಚಾಗುವುದಿಲ್ಲ. ಆದ್ದರಿಂದ ಬೇಕಾದದ್ದರ ಕೊರಳಿಗೆ ಬೇಡಾದದ್ದನ್ನ ಕಟ್ಟುತ್ತಾರೆ. ಕಾಕಾ ಎಂಟನೇ ಇಯತ್ತೆಗೆ ಶಾಲೆ ಬಿಟ್ಟವರು. ಆದರೆ ನಮ್ಮ ಸಿಲಬಸ್ಸಿನಲ್ಲಿ ಯಾರೂ ಹೇಳದ ಮಾತನ್ನ ಒಂದೇ ಶಬ್ದದಲ್ಲಿ ಹೇಳಿದರು. ಸಾಫ್ಟ್‌ವೇರ್ ಲೋಕದಲ್ಲಿ ಭದ್ರತೆಯ ಅಪ್‌ಡೇಟ್ ಅನ್ನುವುದು ಯೂರಿಯಾ. ಟೂಲ್‌ಬಾರು, ಜಾಹೀರಾತು, ಯಾರೂ ಕೇಳದ ಹೊಸ ರೂಪ, ಬಲವಂತದ ಅಕೌಂಟು, ಇವೆಲ್ಲ ಲಿಂಕ್ ಮಾಲು.

ಉತ್ಪ್ರೇಕ್ಷೆ ಅನಿಸಿದರೆ ಇತಿಹಾಸ ನೋಡಿ. ಜಾವಾ ನಮಗೆಲ್ಲ ಲ್ಯಾಬಿನಲ್ಲಿ ಪರಿಚಿತ. ಅದರಲ್ಲಿ ಭದ್ರತೆಯ ತೂತುಗಳು ಸಿಕ್ಕಾಗಲೆಲ್ಲ ಒರಾಕಲ್ ಕಂಪನಿ ಅಪ್‌ಡೇಟ್ ಕೊಡುತ್ತಿತ್ತು. ಹಲವು ವರ್ಷ ವಿಂಡೋಸ್‌ನಲ್ಲಿ ಆ ಅಪ್‌ಡೇಟಿನ ಜೋಡಿ ಆಸ್ಕ್ ಟೂಲ್‌ಬಾರ್ ಬರುತ್ತಿತ್ತು, ಟಿಕ್ ಗುರುತು ಮೊದಲೇ ಹಾಕಿಟ್ಟು. ಅದನ್ನ ತೆಗೆಯುವುದನ್ನ ಮರೆತಿರೋ, ಮುಗಿಯಿತು. ಇನ್ನೂ ಒಂದು ಕಿಲಾಡಿತನ ಇತ್ತು: ಟೂಲ್‌ಬಾರ್ ತಕ್ಷಣ ಇನ್‌ಸ್ಟಾಲ್ ಆಗುತ್ತಿರಲಿಲ್ಲ, ಹತ್ತು ನಿಮಿಷ ಕಾಯುತ್ತಿತ್ತು. ಅನುಮಾನ ಬಂದು ಆಗಲೇ ಹುಡುಕಿದವರಿಗೆ ಪಟ್ಟಿಯಲ್ಲಿ ಏನೂ ಕಾಣುತ್ತಿರಲಿಲ್ಲ. 2015ರಲ್ಲಿ ಆಸ್ಕ್ ಹೋಯಿತು, ಅದರ ಜಾಗಕ್ಕೆ ಯಾಹೂ ಬಂತು.

ಮುಕ್ತ ತಂತ್ರಾಂಶದವರ ಮನೆಯಂತಿದ್ದ ಸೋರ್ಸ್‌ಫೋರ್ಜ್ ಕೂಡ ಇದಕ್ಕೆ ಹೊರತಾಗಲಿಲ್ಲ. ಚಿತ್ರ ತಿದ್ದುವ ಗಿಂಪ್ ತಂಡ 2013ರಲ್ಲೇ ಆ ತಾಣ ಬಿಟ್ಟು ಹೋಗಿತ್ತು. 2015ರಲ್ಲಿ ಸೋರ್ಸ್‌ಫೋರ್ಜ್ ಆ ಪುಟವನ್ನ ತಾನೇ ಹಿಡಿದು, ಬೇರೆಯವರ ಸಾಫ್ಟ್‌ವೇರ್ ಅಂಟಿಸಿದ ಇನ್‌ಸ್ಟಾಲರ್ ಇಟ್ಟಿತು. ಜನ ರೇಗಿದರು. ಮುಂದಿನ ವರ್ಷ ತಾಣ ಕೊಂಡ ಹೊಸ ಮಾಲೀಕರು ಮೊದಲು ಮಾಡಿದ ಕೆಲಸಗಳಲ್ಲಿ ಆ ಪದ್ಧತಿ ನಿಲ್ಲಿಸಿದ್ದೂ ಒಂದು. ಅದೇ 2015ರ ಫೆಬ್ರವರಿಯಲ್ಲಿ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ತುಂಬಿಸಿದ್ದ ಸೂಪರ್‌ಫಿಶ್ ಅನ್ನುವ ಜಾಹೀರಾತು ಸಾಫ್ಟ್‌ವೇರಿನ ಹಗರಣ ಹೊರಬಿತ್ತು. ಬ್ಯಾಂಕಿನ ತಾಣ ಅಸಲಿಯೋ ನಕಲಿಯೋ ಅಂತ ಬ್ರೌಸರ್ ಗುರುತಿಸುವ ವ್ಯವಸ್ಥೆಯನ್ನೇ ಅದು ಕೆಡಿಸುತ್ತಿತ್ತು. ಜಾಹೀರಾತು ತೋರಿಸುವ ಆಸೆಗೆ ಬೀಗವನ್ನೇ ಮುರಿದಂತೆ.

ಇವೆಲ್ಲ ಹಳೆಯ ಕಥೆ ಅನ್ನಬಹುದು. ಸರಿ, ಇತ್ತೀಚಿನದು ನೋಡೋಣ.

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ನಮ್ಮೂರ ಕಡೆಯ ಸೆಂಟರುಗಳಲ್ಲಿ, ಶಾಲೆಗಳಲ್ಲಿ ಇರುವ ಎಷ್ಟೋ ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ, ಅದು ಕೇಳುವ ಹಾರ್ಡ್‌ವೇರ್ ಅವುಗಳಲ್ಲಿ ಇಲ್ಲ. ಇಂಥವರಿಗೆ ಇನ್ನೊಂದು ವರ್ಷ ಭದ್ರತೆಯ ತೇಪೆ ಕೊಡುತ್ತೇವೆ ಅಂದರು. ಒಳ್ಳೆಯದು. ಆದರೆ ಹೇಗೆ? 30 ಡಾಲರ್ ಕಟ್ಟಿ, ಇಲ್ಲವೇ ಅವರ ರಿವಾರ್ಡ್ಸ್ ಅಂಕ ಕೊಡಿ, ಇಲ್ಲವೇ ಮೈಕ್ರೊಸಾಫ್ಟ್ ಅಕೌಂಟಿನಿಂದ ನಿಮ್ಮ ಸೆಟ್ಟಿಂಗ್‌ಗಳನ್ನ ಅವರ ಕ್ಲೌಡಿಗೆ ಬ್ಯಾಕಪ್ ಹಚ್ಚಿ. ಯುರೋಪಿನ ಗ್ರಾಹಕ ಸಂಘಟನೆಗಳು ತಕರಾರು ಎತ್ತಿದವು, ಅಲ್ಲಿಯವರಿಗೆ ಬ್ಯಾಕಪ್ ಶರತ್ತು ಹೋಯಿತು. ನಮಗೆ ಉಳಿಯಿತು. ಅಲ್ಲಿ ಬರೀ ಯೂರಿಯಾ ಸಿಗುತ್ತದೆ, ಇಲ್ಲಿ ಲಿಂಕ್ ಜೋಡಿ. ವ್ಯತ್ಯಾಸ ತಂತ್ರಜ್ಞಾನದ್ದಲ್ಲ, ಅಲ್ಲಿ ಕೇಳುವವರಿದ್ದರು.

ಇದೇ ಕಂಪನಿ ಹತ್ತು ವರ್ಷದ ಹಿಂದೆ ವಿಂಡೋಸ್ 7 ಮತ್ತು 8 ಇದ್ದವರನ್ನ 10ಕ್ಕೆ ಎಳೆಯುವಾಗ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. 2016ರಲ್ಲಿ ಆ ಸೂಚನೆಯ ಚೌಕದ ಮೂಲೆಯಲ್ಲಿದ್ದ ಕೆಂಪು ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೂ, ನಿಗದಿಯಾದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ. ಬಾಗಿಲು ಹಾಕಿದ್ದನ್ನೇ 'ಬರ್ರಿ ಒಳಗ' ಅಂತ ಅರ್ಥ ಮಾಡಿಕೊಂಡಂತೆ. ಕ್ಯಾಲಿಫೋರ್ನಿಯಾದ ಒಬ್ಬ ಟ್ರಾವೆಲ್ ಏಜೆನ್ಸಿ ಮಾಲಕಿ ತನ್ನ ಕೆಲಸದ ಕಂಪ್ಯೂಟರ್ ಇದರಿಂದ ಕೆಟ್ಟಿತು ಅಂತ ಕೋರ್ಟಿಗೆ ಹೋಗಿ 10,000 ಡಾಲರ್ ಪರಿಹಾರ ಪಡೆದಳು. ನವಲಗುಂದದಲ್ಲಿ, ಕುಂದಗೋಳದಲ್ಲಿ ಯಾರು ಕೋರ್ಟಿಗೆ ಹೋಗುತ್ತಾರೆ?

ಫೋನಿಗೆ ಬನ್ನಿ. 2025ರ ಆಗಸ್ಟ್‌ನಲ್ಲಿ ದೇಶದ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಕರೆ ಮಾಡುವ, ಕರೆ ಸ್ವೀಕರಿಸುವ ಪರದೆಯ ರೂಪವೇ ರಾತ್ರೋರಾತ್ರಿ ಬದಲಾಯಿತು. ಹೊಸ ಆವೃತ್ತಿ ಬೇಕು ಅಂತ ಯಾರೂ ಒತ್ತಿರಲಿಲ್ಲ, ಗೂಗಲ್‌ನ ಫೋನ್ ಆ್ಯಪ್ ಹೊಸ ವಿನ್ಯಾಸಕ್ಕೆ ಹೋಗಿತ್ತು. ನಮಗೆ ಅದು ಅರ್ಧ ದಿನದ ಮೀಮ್. ಆದರೆ ಅಕ್ಷರ ಬಾರದ ಹಿರಿಯರು ಫೋನ್ ಬಳಸುವುದು ಓದಿ ಅಲ್ಲ, ಜಾಗ ನೆನಪಿಟ್ಟು. ಹಸಿರು ಎಲ್ಲಿದೆ, ಮಗಳ ಫೋಟೊ ಎಷ್ಟನೇ ಸಾಲಿನಲ್ಲಿದೆ, ಬೆರಳು ಯಾವ ಕಡೆ ಸರಿಸಬೇಕು. ಆ ನೆನಪನ್ನ ಅಳಿಸಿದರೆ ಅವರು ಮತ್ತೆ ಇನ್ನೊಬ್ಬರ ಕೈ ಕಾಯಬೇಕು. ವಿನ್ಯಾಸ ಚೆನ್ನಾಗಿದೆಯೋ ಇಲ್ಲವೋ ಬೇರೆ ಮಾತು. ಕೇಳದೆ ಬದಲಿಸಿದ್ದು ತಪ್ಪು.

ಇನ್ನು ಖರ್ಚು. ಹಾಸ್ಟೆಲ್ಲಿನ ವೈಫೈಯಲ್ಲಿ ಕೂತ ನಮಗೆ ಡೇಟಾ ಅನ್ನುವುದು ಗಾಳಿ ಇದ್ದಂತೆ. ಹಾಟ್‌ಸ್ಪಾಟ್ ಮೇಲೆ ಅಂಗಡಿ ನಡೆಸುವವನಿಗೆ ದಿನಕ್ಕೆ ಒಂದೂವರೆಯೋ ಎರಡೋ ಜಿಬಿ. ವಿಂಡೋಸ್‌ನ ಒಂದು ದೊಡ್ಡ ಫೀಚರ್ ಅಪ್‌ಡೇಟ್ ಅಂದರೆ ಮೂರ್ನಾಲ್ಕು ಜಿಬಿ. ಹಾಟ್‌ಸ್ಪಾಟನ್ನ ಕಂಪ್ಯೂಟರ್ ಸಾಮಾನ್ಯ ವೈಫೈ ಅಂತಲೇ ತಿಳಿದು ಧಾರಾಳವಾಗಿ ಇಳಿಸಿಕೊಳ್ಳುತ್ತದೆ. ಬೆಳಗ್ಗೆ ಹತ್ತಕ್ಕೆ ದಿನದ ಡೇಟಾ ಖಾಲಿ. ಅಪ್‌ಡೇಟ್ ಪುಕ್ಕಟೆ ಅನ್ನುವವರು ಈ ರಿಚಾರ್ಜಿನ ರಸೀದಿ ನೋಡಿಲ್ಲ.

ಸರ್ಕಾರವೂ ಇದರಿಂದ ಹೊರಗಿಲ್ಲ. 2025ರ ನವೆಂಬರ್ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಎಲ್ಲ ಹೊಸ ಫೋನುಗಳಲ್ಲಿ 'ಸಂಚಾರ್ ಸಾಥಿ' ಆ್ಯಪನ್ನ ಮೊದಲೇ ಹಾಕಿರಬೇಕು, ಈಗಾಗಲೇ ತಯಾರಾದ ಫೋನುಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ಸೇರಿಸಬೇಕು ಅಂತ ಕಂಪನಿಗಳಿಗೆ ಸೂಚಿಸಿತು. ಆ್ಯಪಿನ ಉದ್ದೇಶ ಕೆಟ್ಟದ್ದಲ್ಲ, ಕಳುವಾದ ಫೋನನ್ನ ಬ್ಲಾಕ್ ಮಾಡಲು ಅದರಿಂದ ಸಹಾಯ ಆಗುತ್ತದೆ. ಆದರೂ ಜನ ಪ್ರಶ್ನೆ ಮಾಡಿದರು: ಒಳ್ಳೆಯದಾದರೆ ನಾವೇ ಹಾಕಿಕೊಳ್ಳುತ್ತೇವೆ, ಅಪ್‌ಡೇಟಿನ ಹಿಂದಿನ ಬಾಗಿಲಿನಿಂದ ಯಾಕೆ? ಡಿಸೆಂಬರ್ 3ಕ್ಕೆ ಕಡ್ಡಾಯದ ಆದೇಶ ವಾಪಸ್ ಹೋಯಿತು. ಕೇಳಿದರೆ ಉತ್ತರ ಸಿಗುತ್ತದೆ ಅನ್ನುವುದಕ್ಕೆ ಇದೇ ಉದಾಹರಣೆ.

ಈಗ ಎದುರಿನ ವಾದ. ನಮ್ಮ ಕ್ಲಾಸಿನ ಒಬ್ಬ ಗೆಳೆಯ ಹೇಳುತ್ತಾನೆ: "ಜನರ ಇಷ್ಟಕ್ಕೆ ಬಿಟ್ರೆ ಯಾರೂ ಅಪ್‌ಡೇಟ್ ಮಾಡಲ್ಲ. ಒತ್ತಾಯ ಬೇಕೇ ಬೇಕು." ಅವನ ಮಾತಿನಲ್ಲಿ ಸತ್ಯ ಇದೆ. 2017ರ ಮೇ 12ರಂದು ವನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ 150ರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಜಡಿಯಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನ ವಾಪಸ್ ಕಳಿಸಬೇಕಾಯಿತು. ಆ ತೂತು ಮುಚ್ಚುವ ತೇಪೆಯನ್ನ ಮೈಕ್ರೊಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, 'ಆಮೇಲೆ' ಒತ್ತಿದವರು ಸಿಕ್ಕಿಬಿದ್ದರು.

ಆದರೆ ಗೆಳೆಯಾ, ಜನ 'ಆಮೇಲೆ' ಯಾಕೆ ಒತ್ತುತ್ತಾರೆ ಅನ್ನೋದನ್ನೂ ಕೇಳಬೇಕಲ್ಲ. ಹತ್ತು ಸಲ ಅಪ್‌ಡೇಟ್ ಅಂದಾಗ ಒಂಬತ್ತು ಸಲ ಬಂದದ್ದು ಹೊಸ ಐಕಾನು, ಹೊಸ ಜಾಹೀರಾತು, ಹೊಸ ಟೂಲ್‌ಬಾರು. ಹತ್ತನೇ ಸಲ ನಿಜವಾದ ಔಷಧ ಬಂದಾಗ ನಂಬುವವರು ಯಾರು? ತೋಳ ಬಂತು ತೋಳ ಅನ್ನುವ ಹುಡುಗನ ಕಥೆ ನಾವೆಲ್ಲ ಕೇಳಿದ್ದೇವೆ. ಅದರಲ್ಲಿ ಕುರಿ ಕಳಕೊಂಡ ತಪ್ಪು ಊರವರದ್ದಲ್ಲ. ನಮ್ಮಣ್ಣ ಅಪ್‌ಡೇಟ್ ಬಂದ್ ಮಾಡಿಸಿದ್ದು ಭದ್ರತೆ ಬೇಡ ಅಂತ ಅಲ್ಲ, ಭದ್ರತೆಯನ್ನ ಬೇರೆಯಾಗಿ ತಗೊಳ್ಳುವ ದಾರಿ ಅವನಿಗೆ ಯಾರೂ ತೋರಿಸಲಿಲ್ಲ ಅಂತ. ಲಿಂಕ್ ಹಚ್ಚಿದ್ದರಿಂದ ಯೂರಿಯಾವೂ ಹೊಲಕ್ಕೆ ಬರಲಿಲ್ಲ.

ಬರೀ ಭದ್ರತೆಯ ಅಪ್‌ಡೇಟ್ ಆದರೂ ಎಲ್ಲರಿಗೂ ಒಮ್ಮೆಲೇ ತುರುಕುವುದು ಸರಿಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದೇ ಒಂದು ತಪ್ಪು ಕಡತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನ ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅವತ್ತು ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಮೊದಲು ಕೆಲವರಿಗೆ ಕಳಿಸಿ, ನೋಡಿ, ಆಮೇಲೆ ಉಳಿದವರಿಗೆ ಕಳಿಸಿದ್ದರೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಹೊಸ ಬೀಜ ಬಂದರೆ ನಮ್ಮವರು ಮೊದಲು ಒಂದು ಎಕರೆಗೆ ಹಾಕಿ ನೋಡುತ್ತಾರೆ, ಇಡೀ ಹೊಲಕ್ಕೆ ಬಿತ್ತುವುದಿಲ್ಲ.

ಬೇರೆ ಬೇರೆಯಾಗಿ ಕೊಡುವುದು ಅಸಾಧ್ಯವೇ? ಅಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ಭದ್ರತೆಯ ಅಪ್‌ಡೇಟ್‌ಗಳಿಗೆ ಪ್ರತ್ಯೇಕ ಭಂಡಾರವೇ ಇದೆ. ಸ್ಥಿರ ಆವೃತ್ತಿಯಲ್ಲಿ ತೂತು ಮುಚ್ಚುತ್ತಾರೆ, ಬಾಕಿ ಇದ್ದದ್ದು ಇದ್ದಂತೆ ಇರುತ್ತದೆ. ಆ್ಯಪಲ್ ಕೂಡ 2023ರಲ್ಲಿ ಐಫೋನಿಗೆ ಬರೀ ಭದ್ರತೆಯ ಸಣ್ಣ ತೇಪೆಗಳನ್ನ ಬೇರೆಯಾಗಿ ಕಳಿಸಿ ತೋರಿಸಿತು. ಮಾಡಲು ಬರುತ್ತದೆ, ಮಾಡುವ ಮನಸ್ಸು ಬೇಕು.

ಕಾನೂನು ಕೂಡ ನಿಧಾನಕ್ಕೆ ಎಚ್ಚರಾಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್' ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕರನ್ನ ಯಾಮಾರಿಸುವ 13 ಬಗೆಯ ವಿನ್ಯಾಸಗಳ ಪಟ್ಟಿ ಅದರಲ್ಲಿದೆ. ಬಲವಂತದ ಕ್ರಿಯೆ ಅನ್ನುವುದು ಒಂದು. ಒಂದು ಕೆಲಸಕ್ಕೆ ಅಂತ ಇಳಿಸಿಕೊಂಡ ಆ್ಯಪ್, ಸಂಬಂಧವೇ ಇಲ್ಲದ ಇನ್ನೊಂದು ಆ್ಯಪ್ ಇಳಿಸಿಕೊಂಡರೆ ಮಾತ್ರ ನಡೆಯುತ್ತೇನೆ ಅನ್ನುವುದು ಅದರಡಿ ಬರುತ್ತದೆ. 'ಬೇಡ' ಅನ್ನಲು ದಾರಿ ಕೊಡದೆ ಮತ್ತೆ ಮತ್ತೆ ಪೀಡಿಸುವುದು ಇನ್ನೊಂದು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಆ ಟಿಕ್ ಗುರುತೂ ಇಂಗ್ಲಿಷಿನಲ್ಲಿ, ಮಾರ್ಗಸೂಚಿಯೂ ಇಂಗ್ಲಿಷಿನಲ್ಲಿ ಇದ್ದರೆ ಕಲಘಟಗಿಯ ಅಂಗಡಿಯವನಿಗೆ ತಾನು ಒಪ್ಪಿದ್ದೇನು ಅಂತ ತಿಳಿಯುವುದು ಹೇಗೆ? ಭಾಷೆ ಅರ್ಥವಾಗದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಕನ್ನಡ ಸಂಘದವರು ಕೇಳಬೇಕಾದ ಪ್ರಶ್ನೆ ಇದು. ಇನ್‌ಸ್ಟಾಲರಿನ ಸಾಲುಗಳು ಕನ್ನಡದಲ್ಲಿ ಇರಬೇಕು ಅಂದರೆ ಅದು ಬರೀ ಭಾಷಾಭಿಮಾನ ಅಲ್ಲ, ಗ್ರಾಹಕರ ಹಕ್ಕು.

ನಮ್ಮ ತಾಲ್ಲೂಕಿನವರಿಗೆ ಈ ಹಕ್ಕಿನ ಮಾತು ಹೊಸದಲ್ಲ. ಮಲಪ್ರಭಾ ಕಾಲುವೆ ಬಂದದ್ದರಿಂದ ನಿಮ್ಮ ಭೂಮಿ ಸುಧಾರಿಸಿದೆ, ಅದಕ್ಕೆ ಬೆಟರ್‌ಮೆಂಟ್ ಲೆವಿ ಕಟ್ಟಿ ಅಂತ ಸರ್ಕಾರ ಕೇಳಿತ್ತು. ನೀರೇ ಸರಿಯಾಗಿ ಮುಟ್ಟದ ಹೊಲಗಳ ರೈತರು, ಯಾರ ಸುಧಾರಣೆ ಇದು ಅಂತ ತಿರುಗಿ ಕೇಳಿದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಪ್ರಾಣ ಕೊಟ್ಟರು. ಇವತ್ತಿಗೂ ಆ ದಿನವನ್ನ ರೈತ ಹುತಾತ್ಮ ದಿನ ಅಂತ ಆಚರಿಸುತ್ತೇವೆ. ಆ ಬಲಿದಾನಕ್ಕೂ ಒಂದು ಟೂಲ್‌ಬಾರಿಗೂ ಹೋಲಿಕೆ ಇಲ್ಲ, ಹೋಲಿಸಲೂಬಾರದು. ಆದರೆ ಅವರು ಕೇಳಿದ ಪ್ರಶ್ನೆ ನಮ್ಮ ಬಳಿ ಉಳಿದಿದೆ: ಸುಧಾರಣೆ ಆಗಿದೆ ಅಂತ ಹೇಳಬೇಕಾದವರು ಯಾರು, ಕೊಟ್ಟವರೋ ಪಡೆದವರೋ?

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಭದ್ರತೆಯ ತೇಪೆ ಬೇರೆ, ಹೊಸ ಫೀಚರ್ ಬೇರೆ ಬರಲಿ. ಟಿಕ್ ಗುರುತು ಹಾಕುವವರು ನಾವಾಗಿರಲಿ, ಮೊದಲೇ ಹಾಕಿಟ್ಟಿರಬಾರದು. 'ಆಮೇಲೆ' ಜೊತೆಗೆ 'ಬೇಡ' ಅನ್ನುವ ಬಟನ್ ಇರಲಿ. ಎಷ್ಟು ಜಿಬಿ, ಎಷ್ಟು ಹೊತ್ತು ಅನ್ನುವುದನ್ನ ಮೊದಲೇ ಕನ್ನಡದಲ್ಲಿ ಹೇಳಲಿ.

ಅಲ್ಲಿಯವರೆಗೆ ಊರಿಗೆ ಹೋದಾಗ ನಾವು ಮಾಡಬಹುದಾದದ್ದು ಇದೆ. ಅಣ್ಣನ ಕಂಪ್ಯೂಟರಿನಲ್ಲಿ ನಾನು ಅಪ್‌ಡೇಟ್ ಮತ್ತೆ ಚಾಲೂ ಮಾಡಿದೆ. ಹಾಟ್‌ಸ್ಪಾಟನ್ನ 'ಮೀಟರ್ಡ್ ಕನೆಕ್ಷನ್' ಅಂತ ಗುರುತು ಮಾಡಿದೆ, ಈಗ ಅದು ಕೇಳದೆ ಜಿಬಿಗಟ್ಟಲೆ ಇಳಿಸುವುದಿಲ್ಲ. 'ಆ್ಯಕ್ಟಿವ್ ಅವರ್ಸ್' ಬೆಳಗ್ಗೆ ಎಂಟರಿಂದ ರಾತ್ರಿ ಹತ್ತು ಅಂತ ಇಟ್ಟೆ, ಅಂಗಡಿ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗಬಾರದು ಅಂತ. ವಿಮೆಯಂಥ ಗಡುವು ಇದ್ದಾಗ ಐದು ವಾರದವರೆಗೆ ತಡೆಹಿಡಿಯುವುದನ್ನೂ ತೋರಿಸಿದೆ. ರವಿವಾರ ಅಂಗಡಿ ಬಂದ್ ಇದ್ದಾಗ ಕೂತು ಅಪ್‌ಡೇಟ್ ಮಾಡು ಅಂದೆ. ಇನ್‌ಸ್ಟಾಲ್ ಮಾಡುವಾಗ 'ಕಸ್ಟಮ್' ಆರಿಸು, ಕಣ್ಣು ಮುಚ್ಚಿ ನೆಕ್ಸ್ಟ್ ನೆಕ್ಸ್ಟ್ ಒತ್ತಬೇಡ ಅಂದೆ. ಆಧಾರ್ ಫೋಲ್ಡರ್ ಅಳಿಸಿಸಿದೆ. ಒಂದು ಮಧ್ಯಾಹ್ನದ ಕೆಲಸ. ನಿಮ್ಮೂರಲ್ಲೂ ಇಂಥ ಒಂದು ಅಂಗಡಿ ಇರುತ್ತದೆ.

ಕೊನೆಗೆ ನಮ್ಮ ಮಾತು. ಇನ್ನೊಂದೆರಡು ವರ್ಷಕ್ಕೆ ನಮ್ಮಲ್ಲಿ ಅರ್ಧ ಮಂದಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುತ್ತೇವೆ. ಆ ಟಿಕ್ ಗುರುತನ್ನ ಮೊದಲೇ ಹಾಕಿಡು ಅಂತ ಒಂದು ದಿನ ಮ್ಯಾನೇಜರ್ ಹೇಳುತ್ತಾರೆ. ಕೋಡಿನಲ್ಲಿ ಅದು ಒಂದೇ ಸಾಲು, ಫಾಲ್ಸ್ ಇದ್ದದ್ದನ್ನ ಟ್ರೂ ಮಾಡುವುದು. ನೌಕರಿಯ ಮೊದಲ ವರ್ಷದಲ್ಲಿ ಇಲ್ಲ ಅನ್ನುವುದು ಕಷ್ಟ ಅನ್ನೋದು ನನಗೂ ಗೊತ್ತು. ಆದರೆ ಆ ಸಾಲು ಬರೆಯುವ ಮೊದಲು ಕಾಕಾ ಕೇಳಿದ್ದನ್ನ ಒಮ್ಮೆ ಮೀಟಿಂಗಿನಲ್ಲಿ ಕೇಳಲಿಕ್ಕಾದರೂ ಬರುತ್ತದೆ:

"ಅವ್ರೇನ್ ಕೇಳಿದ್ರೇನು ಇದನ್ನ?"